ಡಾಕ್ಟರ್‌ಗಳನ್ನು ಹುಡುಕಿಕೊಂಡು ಹೊರಟ ನರ್ಸ್: ಮಾರ್ಗರೆಟ್ ಸ್ಯಾಂಗರ್ ಕಥೆ

ತೊಳೆದುಕೊಂಡರೆ ಗರ್ಭ ನಿಲ್ಲುವುದಿಲ್ಲ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಒಮ್ಮೆ ಅದರಲ್ಲಿ ನಿಂಬೆರಸ ಇರುತ್ತದೆ, ಇನ್ನೊಮ್ಮೆ ವಿನೆಗರ್, ಮತ್ತೊಮ್ಮೆ ಯಾವುದೋ ಕ್ರಿಮಿನಾಶಕದ ಅರ್ಧ ಮುಚ್ಚಳ. ಕೆಳಗೆ ಒಬ್ಬ ಡಾಕ್ಟರ್ ಹೆಸರು, ಅದರ ಕೆಳಗೆ ಎಲ್ಲ ಹೆಣ್ಣುಮಕ್ಕಳಿಗೂ ಕಳಿಸಿ ಎಂಬ ವಿನಂತಿ.

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಇದು ಸುಳ್ಳು. ವೀರ್ಯಾಣುಗಳು ಕೆಲವೇ ನಿಮಿಷಗಳಲ್ಲಿ ಗರ್ಭಕೊರಳಿನ ಲೋಳೆಯೊಳಗೆ ಸೇರಿಕೊಳ್ಳುತ್ತವೆ. ಆಮೇಲೆ ಹೊರಗಿನಿಂದ ಯಾವ ನೀರು ಹಾಕಿದರೂ ಅಲ್ಲಿಗೆ ತಲುಪುವುದಿಲ್ಲ. ತಲುಪುವ ಜಾಗದಲ್ಲಿ ಅದು ಮಾಡುವುದು ಹಾನಿ ಮಾತ್ರ. ಯೋನಿಯನ್ನು ಸೋಂಕಿನಿಂದ ಕಾಪಾಡುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಒಳಚರ್ಮ ಸುಡುತ್ತದೆ. ರಕ್ಷಣೆ ಇಲ್ಲದ ಸಂಪರ್ಕ ಆಗಿದ್ದರೆ ಡಾಕ್ಟರ್ ಬಳಿ ಹೋಗಿ, ಇಲ್ಲವೇ ಆಶಾ ಕಾರ್ಯಕರ್ತೆಯನ್ನು ಅಥವಾ ಮೆಡಿಕಲ್ ಶಾಪಿನಲ್ಲಿ ಕೇಳಿ. ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ, ಆದಷ್ಟು ಬೇಗ ತೆಗೆದುಕೊಳ್ಳಬೇಕು.

ಈ ಫಾರ್ವರ್ಡ್‌ನ ಮೂಲ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಒಂದು ಶತಮಾನ ದಾಟಿದ ಹಳೆಯ ಕಿರುಪುಸ್ತಕ. 1914ರಲ್ಲಿ ನ್ಯೂಯಾರ್ಕ್‌ನಲ್ಲಿ ಗುಟ್ಟಾಗಿ ಅಚ್ಚಾದ ಅದರಲ್ಲೂ ಇದೇ ರೀತಿಯ ತೊಳೆಯುವ ದ್ರಾವಣಗಳ ಪಟ್ಟಿ ಇದೆ. ಬರೆದವರು ಮೋಸಗಾರರಲ್ಲ. ಜಗತ್ತಿನ ಸಂತಾನ ನಿಯಂತ್ರಣ ಚಳವಳಿಯಲ್ಲೇ ಎಲ್ಲರಿಗಿಂತ ದೊಡ್ಡ ಹೆಸರು ಅವರದು, ಮಾರ್ಗರೆಟ್ ಸ್ಯಾಂಗರ್. ಅವರ ಬಗ್ಗೆ ಬರೆಯುವವರೆಲ್ಲ ಪೊಲೀಸ್ ದಾಳಿ, ಜೈಲು, ಭಾಷಣಗಳ ಕಥೆ ಹೇಳುತ್ತಾರೆ. ನಮಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಬೇರೆ. ತಾವು ಜನರಿಗೆ ಹೇಳುತ್ತಿರುವುದು ಸರಿಯೇ ಎಂದು ನೋಡಿ ಹೇಳಲು ಒಬ್ಬ ಡಾಕ್ಟರ್ ಸಿಗುವುದಕ್ಕೆ ಅವರಿಗೆ ಸುಮಾರು ಹತ್ತು ವರ್ಷ ಹಿಡಿಯಿತು. ಡಾಕ್ಟರ್‌ಗಳ ಸಂಘ ಒಪ್ಪುವುದಕ್ಕೆ ಇಪ್ಪತ್ತಮೂರು ವರ್ಷ.

ನಮಗೆ ಇದು ಪೂರ್ತಿ ಅಪರಿಚಿತ ಕಥೆಯೇನಲ್ಲ. ನಾವು ಆರೋಗ್ಯದ ಲೇಖನಗಳನ್ನು ಪ್ರಕಟಿಸುವ ಮೊದಲು ವೈದ್ಯರಿಗೆ ಕಳಿಸಿ ಅಭಿಪ್ರಾಯ ಕೇಳುತ್ತೇವೆ. ಶುಗರ್, ಬಿಪಿ, ಕೂದಲು ಉದುರುವುದು ಎಂದರೆ ಸಂಜೆಯೊಳಗೆ ಉತ್ತರ ಬರುತ್ತದೆ. ಲೈಂಗಿಕ ಆರೋಗ್ಯ ಎಂದರೆ ಎರಡು ನೀಲಿ ಟಿಕ್ ಮಾತ್ರ ಬರುತ್ತವೆ. ಓದಿ ತಿದ್ದಿಕೊಡುವವರೂ ಕೆಲವರು ತಮ್ಮ ಹೆಸರು ಹಾಕಬೇಡಿ ಎನ್ನುತ್ತಾರೆ.

ಹದಿನೆಂಟು ಬಾರಿ ಗರ್ಭ

ಮಾರ್ಗರೆಟ್ ಹುಟ್ಟಿದ್ದು 1879ರ ಸೆಪ್ಟೆಂಬರ್ 14ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಎಂಬ ಊರಿನಲ್ಲಿ. ಐರಿಷ್ ಕುಟುಂಬ. ತಂದೆ ಸಮಾಧಿ ಕಲ್ಲುಗಳನ್ನು ಕೆತ್ತುವ ಶಿಲ್ಪಿ. ತಾಯಿ ಹದಿನೆಂಟು ಬಾರಿ ಗರ್ಭಿಣಿಯಾದರು, ಹನ್ನೊಂದು ಮಕ್ಕಳು ಬದುಕಿದವು. ಅವರಲ್ಲಿ ಆರನೆಯವರು ಮಾರ್ಗರೆಟ್. ಕ್ಷಯದಿಂದ ಸೊರಗಿದ್ದ ತಾಯಿ 1899ರಲ್ಲಿ, ಐವತ್ತರ ಆಸುಪಾಸಿನಲ್ಲೇ ತೀರಿಕೊಂಡರು.

ಮಾರ್ಗರೆಟ್ ವೈಟ್ ಪ್ಲೇನ್ಸ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿಗೆ ಸೇರಿದರು. 1902ರಲ್ಲಿ ವಿಲಿಯಂ ಸ್ಯಾಂಗರ್ ಎಂಬ ವಾಸ್ತುಶಿಲ್ಪಿಯನ್ನು ಮದುವೆಯಾದ ಕಾರಣ ಆ ತರಬೇತಿ ಪೂರ್ತಿಯಾಗಲಿಲ್ಲ. ಮೂವರು ಮಕ್ಕಳಾದರು. ನ್ಯೂಯಾರ್ಕ್ ನಗರಕ್ಕೆ ಬಂದ ಮೇಲೆ ಲೋವರ್ ಈಸ್ಟ್ ಸೈಡ್ ಎಂಬ ವಲಸೆಗಾರರ ಬಡಾವಣೆಯಲ್ಲಿ ಮನೆ ಮನೆಗೆ ಹೋಗಿ ಶುಶ್ರೂಷೆ ಮಾಡುವ ಕೆಲಸ ಹಿಡಿದರು.

ಅಲ್ಲಿ ಅವರು ಕಂಡದ್ದು ತಮ್ಮ ತಾಯಿಯಂಥ ನೂರಾರು ಹೆಂಗಸರನ್ನು. ಮಗು ಬೇಡವೆನಿಸಿದಾಗ ಕೈಗೆ ಸಿಕ್ಕಿದ್ದನ್ನು ಕುಡಿದು, ಒಳಗೆ ಏನಾದರೂ ತೂರಿಸಿಕೊಂಡು, ನಂಜೇರಿ ಸಾಯುತ್ತಿದ್ದವರನ್ನು. ಸ್ಯಾಂಗರ್ ಮುಂದೆ ಪ್ರತಿ ಭಾಷಣದಲ್ಲೂ ಒಂದು ಘಟನೆ ಹೇಳುತ್ತಿದ್ದರು. ಸೇಡಿ ಸ್ಯಾಕ್ಸ್ ಎಂಬ ಯುವತಿ ಗರ್ಭಪಾತ ಮಾಡಿಕೊಳ್ಳಲು ಹೋಗಿ ಸಾಯುವ ಸ್ಥಿತಿಗೆ ತಲುಪಿ ಬದುಕಿಕೊಂಡಳು. ಇನ್ನೊಮ್ಮೆ ಗರ್ಭ ನಿಲ್ಲದಂತೆ ಏನು ಮಾಡಲಿ ಎಂದು ಡಾಕ್ಟರನ್ನು ಕೇಳಿದಳು. ಡಾಕ್ಟರ್ ನಕ್ಕು, ಗಂಡನನ್ನು ಚಾವಣಿ ಮೇಲೆ ಮಲಗಲು ಕಳಿಸುವಂತೆ ಹೇಳಿ ಹೊರಟುಹೋದರು. ಕೆಲವು ತಿಂಗಳಲ್ಲಿ ಅವಳು ಮತ್ತೊಂದು ಗರ್ಭಪಾತದಲ್ಲಿ ಸತ್ತಳು.

ಇಲ್ಲಿ ಒಂದು ಮಾತು ಸೇರಿಸಬೇಕು. ಸೇಡಿ ಸ್ಯಾಕ್ಸ್ ಎಂಬ ಹೆಂಗಸು ನಿಜಕ್ಕೂ ಇದ್ದಳು ಎನ್ನಲು ಇತಿಹಾಸಕಾರರಿಗೆ ದಾಖಲೆ ಸಿಕ್ಕಿಲ್ಲ. ಹಲವು ರೋಗಿಗಳ ಕಥೆ ಸೇರಿಸಿ ಒಬ್ಬಳನ್ನು ಮಾಡಿರಬಹುದು ಎಂಬುದು ಅವರ ಅಂದಾಜು. ಆದರೆ ಆ ಡಾಕ್ಟರ್ ಮಾತ್ರ ಕಟ್ಟುಕಥೆಯಂತೆ ಕಾಣುವುದಿಲ್ಲ. ಆ ಕಾಲದ ಮೆಡಿಕಲ್ ಕಾಲೇಜುಗಳಲ್ಲಿ ಗರ್ಭನಿರೋಧ ಪಾಠದಲ್ಲೇ ಇರಲಿಲ್ಲ. ಕೇಳಿದರೆ ನಕ್ಕು ಹೋಗುವುದು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಸುಲಭ.

ಅಂಚೆ ಇಲಾಖೆಗೆ ಹೆದರಿದ ಪತ್ರಿಕೆ

1912ರಲ್ಲಿ ಸ್ಯಾಂಗರ್ ನ್ಯೂಯಾರ್ಕ್‌ನ ಒಂದು ಸಮಾಜವಾದಿ ಪತ್ರಿಕೆಯಲ್ಲಿ ಹುಡುಗಿಯರಿಗಾಗಿ ಲೈಂಗಿಕ ಆರೋಗ್ಯದ ಅಂಕಣ ಶುರು ಮಾಡಿದರು. ಮುಟ್ಟು, ಗರ್ಭ, ಹೆರಿಗೆ ಎಲ್ಲ ಅದರಲ್ಲಿತ್ತು. 1913ರಲ್ಲಿ ಸಿಫಿಲಿಸ್, ಗೊನೊರಿಯಾ ಬಗ್ಗೆ ಬರೆದಾಗ ಅಂಚೆ ಇಲಾಖೆ ತಡೆಯಿತು. ಪತ್ರಿಕೆಯವರು ಆ ಜಾಗದಲ್ಲಿ ಅಂಕಣದ ಹೆಸರನ್ನು ಮಾತ್ರ ಅಚ್ಚು ಹಾಕಿ, ಅಂಚೆ ಇಲಾಖೆಯ ಅಪ್ಪಣೆಯಂತೆ ಹುಡುಗಿಯರು ತಿಳಿಯಬೇಕಾದದ್ದು ಏನೂ ಇಲ್ಲ ಎಂಬರ್ಥದ ಸಾಲು ಹಾಕಿ ಉಳಿದದ್ದನ್ನು ಖಾಲಿ ಬಿಟ್ಟರು.

ಅಂಚೆ ಇಲಾಖೆಗೆ ಏಕೆ ಇಷ್ಟು ಅಧಿಕಾರ? 1873ರ ಕಾಮ್‌ಸ್ಟಾಕ್ ಕಾನೂನು. ಗರ್ಭನಿರೋಧದ ಸಾಧನವನ್ನಾಗಲಿ, ಮಾಹಿತಿಯನ್ನಾಗಲಿ ಅಂಚೆಯಲ್ಲಿ ಕಳಿಸುವುದು ಅಶ್ಲೀಲ ಚಿತ್ರ ಕಳಿಸಿದಷ್ಟೇ ಅಪರಾಧ. ಡಾಕ್ಟರ್‌ಗಳಿಗೂ ವಿನಾಯಿತಿ ಇರಲಿಲ್ಲ. ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಿಗೆ ಈ ಬಗ್ಗೆ ಪತ್ರ ಬರೆದರೂ ಕಾನೂನಿನ ಪ್ರಕಾರ ಸಿಕ್ಕಿಬೀಳಬಹುದಿತ್ತು. ಪರಿಣಾಮ ಏನಾಯಿತೆಂದರೆ, ಈ ವಿಷಯದಲ್ಲಿ ಪ್ರಯೋಗ, ವರದಿ, ಚರ್ಚೆ ಯಾವುದೂ ಬೆಳೆಯಲಿಲ್ಲ. ತಿಳಿದವರು ಬಾಯಿ ಬಿಡುತ್ತಿರಲಿಲ್ಲ, ಬಾಯಿ ಬಿಟ್ಟವರಿಗೆ ತಿಳಿದಿರಲಿಲ್ಲ.

ವೈದ್ಯರೇ ತಪ್ಪು ತಿಳಿದಿದ್ದ ವಿಷಯಗಳೂ ಇದ್ದವು. ಎರಡು ಮುಟ್ಟುಗಳ ನಡುವಿನ ದಿನಗಳು ಸುರಕ್ಷಿತ ಎಂದು ಆಗ ಅನೇಕ ವೈದ್ಯರು ನಂಬಿದ್ದರು. ನಿಜ ಅದಕ್ಕೆ ತಿರುಗುಮುರುಗು, ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚಿರುವುದೇ ಆಗ. ಇದನ್ನು ಜಪಾನಿನ ಒಗಿನೊ ಮತ್ತು ಆಸ್ಟ್ರಿಯಾದ ಕ್ನಾಸ್ ತೋರಿಸಿಕೊಟ್ಟದ್ದು 1920ರ ದಶಕದಲ್ಲಿ. ಅಲ್ಲಿಯವರೆಗೆ ಡಾಕ್ಟರ್ ಮಾತು ಕೇಳಿ ಲೆಕ್ಕ ಹಾಕಿದ ದಂಪತಿಗಳು ಸರಿಯಾಗಿ ತಪ್ಪು ದಿನಗಳನ್ನೇ ಆರಿಸಿಕೊಂಡಿರುತ್ತಾರೆ.

ಒಂದು ಲಕ್ಷ ಪ್ರತಿಗಳ ಫಾರ್ವರ್ಡ್

1914ರಲ್ಲಿ ಸ್ಯಾಂಗರ್ ತಮ್ಮದೇ ಪತ್ರಿಕೆ ತಂದರು. ಬರ್ತ್ ಕಂಟ್ರೋಲ್ ಎಂಬ ಪದ ಬಳಕೆಗೆ ಬಂದದ್ದು ಆ ವರ್ಷವೇ. ಕೆಲವೇ ತಿಂಗಳಲ್ಲಿ ಕೇಸು ಬಿತ್ತು. ವಿಚಾರಣೆಗೆ ನಿಲ್ಲದೆ, ಹೆಸರು ಬದಲಿಸಿಕೊಂಡು ಕೆನಡಾ ಮೂಲಕ ಇಂಗ್ಲೆಂಡಿಗೆ ಹಡಗು ಹತ್ತಿದರು. ಹಡಗು ದಡ ಬಿಟ್ಟ ಮೇಲೆ ಗೆಳೆಯರಿಗೆ ಸಂದೇಶ ಕಳಿಸಿದರು. ಮೊದಲೇ ಅಚ್ಚು ಹಾಕಿ ಬಚ್ಚಿಟ್ಟಿದ್ದ ಒಂದು ಲಕ್ಷ ಕಿರುಪುಸ್ತಕಗಳು ಗಿರಣಿ, ಗಣಿ, ಕಾರ್ಖಾನೆಗಳ ಕಾರ್ಮಿಕರ ಕೈ ಸೇರಿದವು.

ಹದಿನಾರು ಪುಟದ ಪುಸ್ತಕ. ನೇರ ಮಾತು, ಚಿತ್ರಗಳು. ಕಾಂಡೋಮ್, ಪೆಸರಿ, ಸ್ಪಂಜು, ಕ್ವಿನೈನ್ ಸೇರಿಸಿ ಮಾಡುವ ಬತ್ತಿ, ಮತ್ತೆ ಆ ತೊಳೆಯುವ ದ್ರಾವಣಗಳು. ಕೆಲವು ಉಪಯೋಗಕ್ಕೆ ಬರುವಂಥವು, ಕೆಲವು ಕೆಲಸ ಮಾಡದವು, ಕೆಲವು ಅಪಾಯದವು. ಸ್ಯಾಂಗರ್ ಅದನ್ನು ಗ್ರಂಥಾಲಯಗಳಲ್ಲಿ ಹುಡುಕಿ, ಫ್ರಾನ್ಸಿನಲ್ಲಿ ಕೇಳಿ ತಿಳಿದು ಬರೆದಿದ್ದರು. ಅದನ್ನು ಓದಿ ತಿದ್ದಿದ ವೈದ್ಯರ ಹೆಸರು ಅದರ ಮೇಲಿಲ್ಲ. ಆ ಪುಸ್ತಕ ಮುಂದೆ ಹಲವು ಸಲ ಪರಿಷ್ಕರಣೆಯಾಯಿತು. ಆದರೆ ಇವತ್ತಿನ ಫಾರ್ವರ್ಡ್ ಹಾಗೆಯೇ, ಮೊದಲ ಪ್ರತಿ ಹೋದಲ್ಲಿಗೆಲ್ಲ ತಿದ್ದಿದ ಪ್ರತಿ ಹೋಗುವುದಿಲ್ಲ.

ಅದರ ಒಂದು ಪ್ರತಿಯನ್ನು ಮಾರುವೇಷದಲ್ಲಿ ಬಂದವನಿಗೆ ಕೊಟ್ಟ ಕಾರಣಕ್ಕೆ 1915ರಲ್ಲಿ ಪತಿ ವಿಲಿಯಂ ಮೂವತ್ತು ದಿನ ಜೈಲಿಗೆ ಹೋದರು.

ಅದೇ ವರ್ಷ ಸ್ಯಾಂಗರ್ ನೆದರ್ಲೆಂಡ್ಸ್‌ಗೆ ಹೋದರು. ಅಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್‌ಗಳು ಆಗಲೇ ಹಳೆಯವಾಗಿದ್ದವು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಈ ಕೆಲಸ ಶುರು ಮಾಡಿದ ಡಾ. ಅಲೆಟಾ ಜೇಕಬ್ಸ್ ಅವರನ್ನು ಭೇಟಿಯಾಗಲು ಬಯಸಿದರು. ಜೇಕಬ್ಸ್ ಒಪ್ಪಲಿಲ್ಲ. ಕಾರಣ, ಸ್ಯಾಂಗರ್ ವೈದ್ಯೆಯಲ್ಲ. ಹೇಗ್ ನಗರದ ಡಾ. ಯೊಹಾನೆಸ್ ರುಟ್ಗರ್ಸ್ ಮಾತ್ರ ಹತ್ತಿರ ಕೂರಿಸಿಕೊಂಡು ಕಲಿಸಿದರು.

ಅಲ್ಲಿ ಕಲಿತದ್ದು ಒಂದು ಸರಳ ಸಂಗತಿ. ಡಯಾಫ್ರಾಮ್ ಎಂದರೆ ಗರ್ಭಕೊರಳನ್ನು ಮುಚ್ಚುವ ರಬ್ಬರ್ ಬಟ್ಟಲು. ಅದಕ್ಕೆ ಅಳತೆಗಳಿವೆ. ಸಣ್ಣದಾದರೆ ಜಾರುತ್ತದೆ, ದೊಡ್ಡದಾದರೆ ನೋಯುತ್ತದೆ, ಹೆರಿಗೆಯಾದ ಮೇಲೆ ಹಳೆಯ ಅಳತೆ ಹೊಂದುವುದಿಲ್ಲ. ಪುಸ್ತಕ ಓದಿ ಅಂಗಡಿಯಲ್ಲಿ ಕೊಂಡು ಹಾಕಿಕೊಳ್ಳುವ ವಸ್ತು ಅದಲ್ಲ. ತರಬೇತಿ ಪಡೆದ ಒಬ್ಬರು ಪ್ರತಿ ಹೆಂಗಸನ್ನೂ ಪರೀಕ್ಷಿಸಿ, ಅಳೆದು, ಹಾಕುವುದನ್ನು ಕಲಿಸಿ, ಮತ್ತೆ ಕರೆದು ನೋಡಬೇಕು. ಕಿರುಪುಸ್ತಕ ಹಂಚಿದರೆ ಸಾಲದು, ಕ್ಲಿನಿಕ್ ಬೇಕು ಎಂಬ ತೀರ್ಮಾನಕ್ಕೆ ಅವರು ಬಂದದ್ದು ಇಲ್ಲಿ.

ಊರಿಗೆ ಮರಳಿದ ಕೆಲವೇ ವಾರಗಳಲ್ಲಿ ಐದು ವರ್ಷದ ಮಗಳು ಪೆಗ್ಗಿ ನ್ಯುಮೋನಿಯಾದಿಂದ ತೀರಿಕೊಂಡಳು. ದೇಶದ ಅನುಕಂಪ ತಾಯಿಯ ಕಡೆ ತಿರುಗಿತು. ಸರ್ಕಾರ ಹಳೆಯ ಕೇಸನ್ನು 1916ರ ಫೆಬ್ರವರಿಯಲ್ಲಿ ಕೈಬಿಟ್ಟಿತು.

ಡಾಕ್ಟರ್ ಇಲ್ಲದ ಕ್ಲಿನಿಕ್

ನ್ಯೂಯಾರ್ಕ್ ರಾಜ್ಯದ ಕಾನೂನಿನಲ್ಲಿ ಒಂದು ಸಣ್ಣ ಕಿಂಡಿ ಇತ್ತು. ರೋಗ ಗುಣಪಡಿಸಲು ಅಥವಾ ತಡೆಯಲು ವೈದ್ಯರು ಗರ್ಭನಿರೋಧಕ ಬರೆದುಕೊಡಬಹುದು. ಗಂಡಸರನ್ನು ಗುಹ್ಯರೋಗದಿಂದ ಕಾಪಾಡಲು ಇಟ್ಟ ಕಿಂಡಿ ಅದು. ಅದನ್ನು ಹೆಂಗಸರಿಗೂ ಬಳಸಬಹುದೇ ಎಂದು ನೋಡಲು ಸ್ಯಾಂಗರ್‌ಗೆ ಬೇಕಾದದ್ದು ಲೈಸೆನ್ಸ್ ಇರುವ ಒಬ್ಬ ಡಾಕ್ಟರ್. ಹುಡುಕಿದರು. ಒಬ್ಬರೂ ಬರಲಿಲ್ಲ. ಬಂದರೆ ಜೈಲಿಗಿಂತ ಮೊದಲು ಹೋಗುತ್ತಿದ್ದದ್ದು ಲೈಸೆನ್ಸ್. ಜೊತೆಗೆ ಮರ್ಯಾದೆಯ ಪ್ರಶ್ನೆ. ಗರ್ಭನಿರೋಧಕ ಎಂದರೆ ಆ ಕಾಲಕ್ಕೆ ಬೀದಿಬದಿ ನಕಲಿ ಔಷಧಿ ಮಾರುವವರ ವ್ಯಾಪಾರ. ವೈದ್ಯರ ಸಂಘಗಳು ಬಹಳ ಕಷ್ಟಪಟ್ಟು ಆ ಗುಂಪಿನಿಂದ ತಮ್ಮನ್ನು ಬೇರೆ ಮಾಡಿಕೊಂಡಿದ್ದವು.

ಕೊನೆಗೆ ಡಾಕ್ಟರ್ ಇಲ್ಲದೆಯೇ ಬಾಗಿಲು ತೆರೆದರು. 1916ರ ಅಕ್ಟೋಬರ್ 16, ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್ ಬಡಾವಣೆ, ಆಂಬಾಯ್ ಬೀದಿಯ 46ನೇ ನಂಬರ್. ಜೊತೆಗೆ ತಂಗಿ ಎಥೆಲ್ ಬರ್ನ್, ಅವರೂ ನರ್ಸ್. ಭಾಷಾಂತರಕ್ಕೆ ಫಾನಿಯಾ ಮಿಂಡೆಲ್. ಇಂಗ್ಲಿಷ್, ಯಿಡ್ಡಿಷ್, ಇಟಾಲಿಯನ್ ಮೂರು ಭಾಷೆಯಲ್ಲಿ ಕರಪತ್ರ. ಶುಲ್ಕ ಹತ್ತು ಸೆಂಟ್. ಮೊದಲ ದಿನವೇ ನೂರಕ್ಕೂ ಹೆಚ್ಚು ಹೆಂಗಸರು ಮಕ್ಕಳ ಗಾಡಿ ತಳ್ಳಿಕೊಂಡು ಬಂದು ಸಾಲು ನಿಂತರು. ಹತ್ತು ದಿನದಲ್ಲಿ 464 ಮಂದಿ. ಹತ್ತನೇ ದಿನದ ಹೊತ್ತಿಗೆ ಪೊಲೀಸರು ಬಂದರು, ಬಾಗಿಲು ಮುಚ್ಚಿತು.

ಎಥೆಲ್ ಜೈಲಿನಲ್ಲಿ ಉಪವಾಸ ಕೂತು ಸಾವಿನ ಅಂಚಿಗೆ ಹೋದರು. ಅಧಿಕಾರಿಗಳು ಕೊಳವೆ ಹಾಕಿ ಬಲವಂತವಾಗಿ ಉಣಿಸಿದರು, ಕೊನೆಗೆ ರಾಜ್ಯಪಾಲರ ಕ್ಷಮಾದಾನ ಸಿಕ್ಕಿತು. ಮತ್ತೆ ಕಾನೂನು ಮುರಿಯುವುದಿಲ್ಲ ಎಂದು ಮಾತು ಕೊಟ್ಟರೆ ಬಿಡುತ್ತೇವೆಂದು ಸ್ಯಾಂಗರ್‌ಗೆ ನ್ಯಾಯಾಲಯ ಹೇಳಿತು. ಅವರು ಕೊಡಲಿಲ್ಲ. ಮೂವತ್ತು ದಿನ ಜೈಲು.

ಮೇಲ್ಮನವಿಯಲ್ಲೂ ಸೋತರು, ಆದರೆ ಆ ಸೋಲಿನಲ್ಲೇ ಬೇಕಾದದ್ದು ಸಿಕ್ಕಿತು. 1918ರಲ್ಲಿ ನ್ಯಾಯಾಧೀಶ ಫ್ರೆಡರಿಕ್ ಕ್ರೇನ್ ಶಿಕ್ಷೆಯನ್ನು ಎತ್ತಿಹಿಡಿಯುತ್ತಲೇ ಆ ಕಿಂಡಿಯನ್ನು ಅಗಲ ಮಾಡಿದರು. ರೋಗ ಎಂದರೆ ಗುಹ್ಯರೋಗ ಮಾತ್ರವಲ್ಲ, ಆರೋಗ್ಯ ಕೆಡಿಸುವ ಯಾವುದೇ ಸ್ಥಿತಿ ಎಂದು ವಿವರಿಸಿದರು. ಅಂದರೆ ವೈದ್ಯರು ಮಾಡಬಹುದು. ನರ್ಸ್ ಮಾಡುವಂತಿಲ್ಲ.

ಫೈಲು ಕಾರ್ಡುಗಳು

ಈಗ ಕಾನೂನಿನ ಅಡ್ಡಿ ಅರ್ಧ ಹೋಯಿತು. ಆದರೂ ವೈದ್ಯರು ಓಡೋಡಿ ಬರಲಿಲ್ಲ. 1923ರ ಜನವರಿಯಲ್ಲಿ ಸ್ಯಾಂಗರ್ ನ್ಯೂಯಾರ್ಕ್‌ನಲ್ಲಿ ಎರಡನೇ ಕ್ಲಿನಿಕ್ ತೆರೆದಾಗ ಸಿಕ್ಕ ಡಾಕ್ಟರ್ ಡೊರೊತಿ ಬಾಕರ್, ದಕ್ಷಿಣದ ಜಾರ್ಜಿಯಾ ರಾಜ್ಯದಿಂದ ಬಂದವರು. ಈ ಸಲ ಕ್ಲಿನಿಕ್ ಎಂದು ಹೆಸರಿಡಲಿಲ್ಲ, ಸಂಶೋಧನಾ ಕೇಂದ್ರ ಎಂದು ಇಟ್ಟರು.

ಆಗ ಅಮೆರಿಕದ ದೊಡ್ಡ ಸ್ತ್ರೀರೋಗ ತಜ್ಞರಲ್ಲಿ ಒಬ್ಬರಾದ ಡಾ. ರಾಬರ್ಟ್ ಲಾಟೂ ಡಿಕಿನ್ಸನ್ ಬಾಕರ್ ಅವರ ವರದಿ ಓದಿ ಕಟುವಾಗಿ ಟೀಕಿಸಿದರು. ಬಂದುಹೋದ ಹೆಂಗಸರಿಗೆ ಆಮೇಲೆ ಏನಾಯಿತು ಎಂಬ ಮಾಹಿತಿಯೇ ಸಾಕಷ್ಟಿಲ್ಲ, ಇದರಿಂದ ಯಾವ ಸಾಧನ ಕೆಲಸ ಮಾಡಿತು ಎಂದು ಹೇಳಲಾಗದು ಎಂಬುದು ಅವರ ಆಕ್ಷೇಪ. ಡಿಕಿನ್ಸನ್‌ಗೆ ಸ್ಯಾಂಗರ್ ಮೇಲೆ ಅನುಮಾನವಿತ್ತು. ವೈದ್ಯರೇ ನಡೆಸುವ ಬೇರೆ ಅಧ್ಯಯನವನ್ನು ಅವರು ಆಸ್ಪತ್ರೆಗಳಲ್ಲಿ ಆರಂಭಿಸಿದರು. ಅಲ್ಲಿಗೆ ಹೆಂಗಸರೇ ಸರಿಯಾಗಿ ಬರಲಿಲ್ಲ. ಒಂದು ಕಡೆ ಡಿಗ್ರಿ ಇದ್ದವರ ಬಳಿ ರೋಗಿಗಳಿಲ್ಲ, ಇನ್ನೊಂದು ಕಡೆ ರೋಗಿಗಳ ಸಾಲು ಇದ್ದಲ್ಲಿ ಒಪ್ಪುವಂಥ ದಾಖಲೆ ಇಲ್ಲ.

ಸ್ಯಾಂಗರ್ ಜೀವನದಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದದ್ದು ಈ ಟೀಕೆಗೆ ಅವರು ಕೊಟ್ಟ ಉತ್ತರ. ಜಗಳವಾಡಲಿಲ್ಲ, ಡಾಕ್ಟರನ್ನು ಬದಲಿಸಿದರು. 1925ರಲ್ಲಿ ಡಾ. ಹ್ಯಾನಾ ಸ್ಟೋನ್ ಬಂದರು, ಸಂಬಳವಿಲ್ಲದೆ. ಈ ಕೆಲಸಕ್ಕಾಗಿ ಸ್ಟೋನ್ ತಮ್ಮ ಆಸ್ಪತ್ರೆ ಹುದ್ದೆ ಬಿಡಬೇಕಾಯಿತು, ಸ್ಥಳೀಯ ವೈದ್ಯರ ಸಂಘ ಅವರ ಸದಸ್ಯತ್ವದ ಅರ್ಜಿಯನ್ನು ವರ್ಷಗಟ್ಟಲೆ ಹಾಗೇ ಇಟ್ಟುಕೊಂಡಿತು. ಅವರು ಪ್ರತಿ ಹೆಂಗಸಿಗೂ ಒಂದು ಕಾರ್ಡ್ ಮಾಡಿದರು. ಎಷ್ಟು ಬಾರಿ ಗರ್ಭ, ಎಷ್ಟು ಮಕ್ಕಳು ಬದುಕಿವೆ, ಎಷ್ಟು ಹೋದವು, ಮೊದಲು ಯಾವ ಉಪಾಯ ಮಾಡುತ್ತಿದ್ದರು, ಅದು ಕೈಕೊಟ್ಟಿತೇ, ಈಗ ಏನು ಕೊಟ್ಟೆವು, ತಿಂಗಳುಗಳ ನಂತರ ಏನಾಯಿತು. ಮತ್ತೆ ಬಾರದವರನ್ನು ಹುಡುಕಿಸಿದರು.

1928ರಲ್ಲಿ ಸ್ಟೋನ್ ಸಾವಿರಕ್ಕೂ ಹೆಚ್ಚು ಹೆಂಗಸರ ದಾಖಲೆ ಆಧರಿಸಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಬಂಧ ಪ್ರಕಟಿಸಿದರು. ಅಳತೆ ನೋಡಿ ಕೊಟ್ಟ ಡಯಾಫ್ರಾಮ್, ಜೊತೆಗೆ ವೀರ್ಯಾಣುನಾಶಕ ಜೆಲ್ಲಿ, ಇವೆರಡೂ ಸೇರಿದರೆ ಬಹುಪಾಲು ಹೆಂಗಸರಲ್ಲಿ ಕೆಲಸ ಮಾಡುತ್ತದೆ ಎಂದು ಅದು ತೋರಿಸಿತು. ತೊಳೆದುಕೊಳ್ಳುವ ವಿಧಾನವನ್ನೇ ನಂಬಿ ಸೋತು ಬಂದವರೂ ಆ ಕಾರ್ಡುಗಳಲ್ಲಿದ್ದರು.

ಇದೇ ಹೊತ್ತಿಗೆ ಇನ್ನೊಂದು ಕೆಲಸ ನಡೆಯುತ್ತಿತ್ತು. ಡಾ. ಜೇಮ್ಸ್ ಕೂಪರ್ ಎಂಬ ವೈದ್ಯರನ್ನು ಸ್ಯಾಂಗರ್ ಸಂಸ್ಥೆ 1925ರಲ್ಲಿ ನೇಮಿಸಿಕೊಂಡಿತು. ಅವರ ಕೆಲಸ ಊರೂರು ಸುತ್ತಿ ವೈದ್ಯರ ಸಂಘಗಳಲ್ಲಿ ಮಾತನಾಡುವುದು. ಸಂಬಳ ಕೊಟ್ಟವರು ಸ್ಯಾಂಗರ್ ಅವರ ಎರಡನೇ ಪತಿ, ಮೆಷಿನ್ ಎಣ್ಣೆ ವ್ಯಾಪಾರಿ ನೋವಾ ಸ್ಲೀ. ಸ್ಯಾಂಗರ್ ಸ್ವತಃ ಹೋಗಿದ್ದರೆ ಅರ್ಧ ಜನ ಎದ್ದು ಹೋಗುತ್ತಿದ್ದರು. ವೈದ್ಯ ವೈದ್ಯರೊಡನೆ ಮಾತನಾಡಿದಾಗ ಕೂತು ಕೇಳಿದರು, ಪ್ರಶ್ನೆ ಕೇಳಿದರು, ತಮ್ಮ ಅನುಭವ ಹೇಳಿದರು. ಒಪ್ಪಿದವರ ಹೆಸರು ಬರೆದುಕೊಂಡು ಕೂಪರ್ ಮರಳಿದರು. ಆಮೇಲೆ ಯಾವುದೋ ಹಳ್ಳಿಯಿಂದ ಒಬ್ಬ ಹೆಂಗಸು ಸ್ಯಾಂಗರ್‌ಗೆ ಪತ್ರ ಬರೆದರೆ, ಅವಳ ಊರಿಗೆ ಹತ್ತಿರದ ಡಾಕ್ಟರ್ ಹೆಸರು ಕೊಡಲು ಸಾವಿರಾರು ಹೆಸರುಗಳ ಪಟ್ಟಿ ಕೈಯಲ್ಲಿತ್ತು.

ಆದರೆ ಡಾಕ್ಟರ್‌ಗಳಿಗೆ ಕೊಡಲು ಡಯಾಫ್ರಾಮ್‌ಗಳೇ ಅಮೆರಿಕದಲ್ಲಿರಲಿಲ್ಲ. ಸ್ಲೀ ಜರ್ಮನಿಯಿಂದ ಕೆನಡಾಕ್ಕೆ ತರಿಸಿ, ತಮ್ಮ ಎಣ್ಣೆ ಸರಕಿನ ಜೊತೆ ಗಡಿ ದಾಟಿಸುತ್ತಿದ್ದರು. ಆಮೇಲೆ ದೇಶದಲ್ಲೇ ತಯಾರಿಸುವ ಕಂಪನಿ ಹುಟ್ಟಿಕೊಂಡಿತು.

1929ರ ಏಪ್ರಿಲ್‌ನಲ್ಲಿ ಪೊಲೀಸರು ಮತ್ತೆ ದಾಳಿ ಮಾಡಿ ಹ್ಯಾನಾ ಸ್ಟೋನ್ ಸೇರಿ ವೈದ್ಯರನ್ನೂ ನರ್ಸ್‌ಗಳನ್ನೂ ಬಂಧಿಸಿದರು. ಜೊತೆಗೆ ರೋಗಿಗಳ ಕಾರ್ಡುಗಳನ್ನೂ ಹೊತ್ತುಕೊಂಡು ಹೋದರು. ಹದಿಮೂರು ವರ್ಷಗಳ ಹಿಂದೆ ಬ್ರೌನ್ಸ್‌ವಿಲ್‌ಗೆ ಬರದಿದ್ದ ವೈದ್ಯರು ಈಗ ಸಿಟ್ಟಾದರು. ರೋಗಿಯ ಗುಟ್ಟು ಪೊಲೀಸರ ಕೈಗೆ ಹೋಗುವುದಾದರೆ ನಾಳೆ ನಮ್ಮ ಫೈಲುಗಳ ಗತಿ ಏನು ಎಂಬುದು ಅವರ ಚಿಂತೆ. ಡಿಕಿನ್ಸನ್ ಮುಂದೆ ನಿಂತರು. ನ್ಯೂಯಾರ್ಕ್‌ನ ವೈದ್ಯಕೀಯ ಅಕಾಡೆಮಿ ಪ್ರತಿಭಟಿಸಿತು, ಕೇಸು ಬಿದ್ದುಹೋಯಿತು. ಸಂತಾನ ನಿಯಂತ್ರಣಕ್ಕಾಗಿ ಬರದವರು ರೋಗಿಯ ಗೋಪ್ಯತೆಗಾಗಿ ಬಂದರು. ಸ್ಯಾಂಗರ್‌ಗೆ ಅದೂ ಸಾಕಾಗಿತ್ತು.

ಜಪಾನಿನ ಒಬ್ಬ ವೈದ್ಯರಿಂದ ಸ್ಟೋನ್ ಹೆಸರಿಗೆ ತರಿಸಿದ ಪೆಸರಿಗಳ ಪೊಟ್ಟಣವನ್ನು ಕಸ್ಟಮ್ಸ್ ತಡೆದಾಗ ಮತ್ತೊಂದು ಮೊಕದ್ದಮೆ ಹುಟ್ಟಿತು. 1936ರ ತೀರ್ಪಿನ ನಂತರ ವೈದ್ಯರಿಗೆ ಗರ್ಭನಿರೋಧಕ ತರಿಸಲು, ಅಂಚೆಯಲ್ಲಿ ಕಳಿಸಲು ದಾರಿಯಾಯಿತು. 1937ರಲ್ಲಿ ಅಮೆರಿಕದ ವೈದ್ಯರ ಸಂಘ ಇದನ್ನು ವೈದ್ಯಕೀಯದ ಭಾಗವೆಂದು ಒಪ್ಪಿತು.

ಈ ದಾರಿಗೆ ತೆತ್ತ ಬೆಲೆ ಸಣ್ಣದಲ್ಲ. ಮೇರಿ ವೇರ್ ಡೆನೆಟ್ ಎಂಬ ಇನ್ನೊಬ್ಬ ಹೋರಾಟಗಾರ್ತಿ ಮೊದಲಿನಿಂದಲೂ ಸ್ಯಾಂಗರ್‌ರನ್ನು ವಿರೋಧಿಸಿದ್ದರು. ಮಾಹಿತಿ ಎಲ್ಲರ ಹಕ್ಕು, ಅದರ ಬೀಗದಕೈಯನ್ನು ವೈದ್ಯರಿಗೆ ಕೊಟ್ಟರೆ ಫೀಸು ಕೊಡಲಾಗದವರು ಹೊರಗೆ ಉಳಿಯುತ್ತಾರೆ ಎಂಬುದು ಅವರ ವಾದ. ಬ್ರೌನ್ಸ್‌ವಿಲ್‌ನಲ್ಲಿ ಹತ್ತು ಸೆಂಟಿಗೆ ಸಾಲು ನಿಂತವರನ್ನು ನೆನೆದರೆ ಡೆನೆಟ್ ಮಾತಿನಲ್ಲಿ ನ್ಯಾಯವಿದೆ ಎಂದೇ ನಮಗೆ ಅನಿಸುತ್ತದೆ. ವೈದ್ಯರು ಮಾಹಿತಿಯನ್ನು ಪರಿಶೀಲಿಸುವುದು ಒಂದು, ಮಾಹಿತಿ ವೈದ್ಯರ ಬಳಿ ಮಾತ್ರ ಇರುವುದು ಇನ್ನೊಂದು.

ಅವರ ಬಗ್ಗೆಯೇ ಓಡಾಡುವ ಫಾರ್ವರ್ಡ್

ಸ್ಯಾಂಗರ್ ಹೆಸರಿನಲ್ಲಿ ಒಂದು ಫೋಟೋ ಇಂಟರ್ನೆಟ್‌ನಲ್ಲಿ ಸುತ್ತುತ್ತದೆ. ಬಿಳಿ ನಿಲುವಂಗಿ ತೊಟ್ಟ ಕು ಕ್ಲಕ್ಸ್ ಕ್ಲಾನ್ ಗುಂಪಿನ ನಡುವೆ ಅವರು ಭಾಷಣ ಮಾಡುವ ಚಿತ್ರ. ಅದು ಎರಡು ಫೋಟೋ ಸೇರಿಸಿ ಮಾಡಿದ ನಕಲಿ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧಸತ್ಯ ಹೇಳಿದಂತೆ. 1926ರಲ್ಲಿ ಆ ಗುಂಪಿನ ಮಹಿಳಾ ಶಾಖೆಯ ಸಭೆಯೊಂದರಲ್ಲಿ ಅವರು ಮಾತನಾಡಿದ್ದು ನಿಜ, ತಮ್ಮ ಆತ್ಮಕಥೆಯಲ್ಲಿ ತಾವೇ ಬರೆದಿದ್ದಾರೆ. ಅದಕ್ಕಿಂತ ಗಂಭೀರವಾದದ್ದು ಅವರು ಸುಜನನಶಾಸ್ತ್ರವನ್ನು ಬೆಂಬಲಿಸಿದ್ದು. ಮನುಷ್ಯರಲ್ಲಿ ಯೋಗ್ಯರು, ಅಯೋಗ್ಯರು ಎಂದು ವಿಂಗಡಿಸಿ, ಅಯೋಗ್ಯರಿಗೆ ಮಕ್ಕಳಾಗದಂತೆ ನೋಡಿಕೊಳ್ಳಬೇಕೆನ್ನುವ ವಾದ ಅದು. ಆ ಕಾಲದ ಅನೇಕ ವೈದ್ಯರು, ಪ್ರೊಫೆಸರ್‌ಗಳು ಅದನ್ನು ವಿಜ್ಞಾನವೆಂದೇ ನಂಬಿದ್ದರು. ಅವರ ಬೆಂಬಲ ಬೇಕಿದ್ದದ್ದೂ ಸ್ಯಾಂಗರ್ ಅತ್ತ ವಾಲಲು ಒಂದು ಕಾರಣ. ಆದರೆ ಅದೊಂದೇ ಕಾರಣವೆಂದು ಅವರನ್ನು ಬಿಡುಗಡೆ ಮಾಡಲು ನಾವು ಸಿದ್ಧರಿಲ್ಲ, ಅವರ ಬರಹಗಳಲ್ಲಿ ನಂಬಿಕೆಯೂ ಕಾಣುತ್ತದೆ. 2020ರಲ್ಲಿ ನ್ಯೂಯಾರ್ಕ್‌ನ ಕ್ಲಿನಿಕ್ ಒಂದರಿಂದ ಅವರ ಹೆಸರನ್ನು ತೆಗೆಯಲು ಅವರದೇ ಸಂಸ್ಥೆಯ ಶಾಖೆ ತೀರ್ಮಾನಿಸಿತು.

ಮೈಸೂರು, ವಾರ್ಧಾ, ಹುಬ್ಬಳ್ಳಿ

ನ್ಯೂಯಾರ್ಕ್‌ನಲ್ಲಿ ಪೊಲೀಸರು ಕಾರ್ಡು ಹೊತ್ತುಕೊಂಡು ಹೋದ ಮರುವರ್ಷ, 1930ರಲ್ಲಿ, ಮೈಸೂರು ಸಂಸ್ಥಾನದ ಸರ್ಕಾರ ತನ್ನದೇ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ನಡೆಸುವ ಇಂಥ ಕ್ಲಿನಿಕ್‌ಗಳಲ್ಲಿ ಇವು ಜಗತ್ತಿನಲ್ಲೇ ಮೊದಲನೆಯವು ಎಂದು ಹೇಳಲಾಗುತ್ತದೆ. ಅದಕ್ಕೂ ಮೊದಲು, 1921ರಲ್ಲೇ, ಮುಂಬೈಯಲ್ಲಿ ಗಣಿತದ ಪ್ರೊಫೆಸರ್ ರಘುನಾಥ ಧೋಂಡೊ ಕರ್ವೆ ಸ್ವಂತವಾಗಿ ಒಂದು ಕ್ಲಿನಿಕ್ ಶುರು ಮಾಡಿದ್ದರು. ಅವರೂ ಡಾಕ್ಟರ್ ಆಗಿರಲಿಲ್ಲ.

ಸ್ಯಾಂಗರ್ ಭಾರತಕ್ಕೆ ಬಂದದ್ದು 1935ರ ಕೊನೆಯಲ್ಲಿ. ವಾರ್ಧಾದಲ್ಲಿ ಗಾಂಧೀಜಿಯನ್ನು ಭೇಟಿಯಾಗಿ ಗಂಟೆಗಟ್ಟಲೆ ವಾದಿಸಿದರು. ಸಂಯಮವೇ ಸರಿಯಾದ ದಾರಿ ಎಂಬ ನಿಲುವಿನಿಂದ ಗಾಂಧೀಜಿ ಕದಲಲಿಲ್ಲ. ಪತ್ರಿಕೆಗಳು ಬರೆದದ್ದು ಈ ಭೇಟಿಯ ಬಗ್ಗೆ. ಆದರೆ ಸ್ಯಾಂಗರ್ ತಮ್ಮ ಸಾಮಾನಿನ ಜೊತೆ ಹೆಣ್ಣಿನ ಜನನಾಂಗದ ಮಾದರಿಗಳನ್ನೂ ತಂದಿದ್ದರು, ಭಾರತದ ವೈದ್ಯರಿಗೆ ತೋರಿಸಿ ಕಲಿಸಲು. ಅಮೆರಿಕದಲ್ಲಿ ಕೂಪರ್ ಮಾಡಿದ ಕೆಲಸವನ್ನು ಇಲ್ಲಿ ತಾವೇ ಮಾಡಿದರು. ತಿರುವನಂತಪುರದಲ್ಲಿ ನಡೆದ ಅಖಿಲ ಭಾರತ ಮಹಿಳಾ ಸಮ್ಮೇಳನದಲ್ಲೂ ಮಾತನಾಡಿದರು.

1952ರಲ್ಲಿ ಮುಂಬೈ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಮತ್ತೆ ಬಂದಾಗ ಅವರಿಗೆ ಎಪ್ಪತ್ತಮೂರು. ಅಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಒಕ್ಕೂಟಕ್ಕೆ ಅವರೊಂದಿಗೆ ಜಂಟಿ ಅಧ್ಯಕ್ಷರಾದವರು ಧನವಂತಿ ರಾಮರಾವ್, ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದವರು.

ಮಾತ್ರೆ ಮತ್ತು ಒಂದು ವರದಿ

ಜೀವನದ ಕೊನೆಯಲ್ಲಿ ಸ್ಯಾಂಗರ್‌ಗೆ ಬೇಕಿದ್ದದ್ದು ಅಳತೆ, ಪರೀಕ್ಷೆ ಏನೂ ಬೇಡದ ಒಂದು ಗುಳಿಗೆ. ವಿಜ್ಞಾನಿ ಗ್ರೆಗರಿ ಪಿಂಕಸ್ ಅವರನ್ನು ಒಪ್ಪಿಸಿದರು, ಶ್ರೀಮಂತ ಗೆಳತಿ ಕ್ಯಾಥರೀನ್ ಮೆಕಾರ್ಮಿಕ್‌ರಿಂದ ಹಣ ಕೊಡಿಸಿದರು. 1956ರಲ್ಲಿ ಪೋರ್ಟೊ ರಿಕೊ ದ್ವೀಪದ ಬಡ ಹೆಂಗಸರ ಮೇಲೆ ದೊಡ್ಡ ಪ್ರಯೋಗ ಶುರುವಾಯಿತು. ಇದು ಪ್ರಯೋಗದ ಹಂತದ ಔಷಧಿ ಎಂಬುದನ್ನು ಆ ಹೆಂಗಸರಿಗೆ ಸರಿಯಾಗಿ ತಿಳಿಸಿರಲಿಲ್ಲ.

ಅಲ್ಲಿ ಪ್ರಯೋಗ ನೋಡಿಕೊಳ್ಳುತ್ತಿದ್ದ ಡಾ. ಎಡ್ರಿಸ್ ರೈಸ್-ರೇ ಒಂದು ವರದಿ ಕೊಟ್ಟರು. ಗರ್ಭ ತಡೆಯುವುದರಲ್ಲಿ ಮಾತ್ರೆ ಪಕ್ಕಾ. ಆದರೆ ಶೇ. 17ರಷ್ಟು ಹೆಂಗಸರಿಗೆ ವಾಕರಿಕೆ, ತಲೆಸುತ್ತು, ತಲೆನೋವು, ಹೊಟ್ಟೆನೋವು. ಎಲ್ಲರಿಗೂ ಕೊಡುವಂತಿಲ್ಲ ಎಂಬುದು ಅವರ ಅಭಿಪ್ರಾಯ. ಪಿಂಕಸ್ ಆ ತೊಂದರೆಗಳಲ್ಲಿ ಹೆಚ್ಚಿನವು ಮನಸ್ಸಿನಿಂದ ಹುಟ್ಟಿದವು ಎಂದು ಪಕ್ಕಕ್ಕೆ ಸರಿಸಿದರು. ಒಬ್ಬ ಡಾಕ್ಟರ್ ಅಭಿಪ್ರಾಯಕ್ಕಾಗಿ ಹತ್ತು ವರ್ಷ ಅಲೆದ ಚಳವಳಿಗೆ ಈ ಡಾಕ್ಟರ್ ಅಭಿಪ್ರಾಯ ಬೇಡವಾಯಿತು.

1960ರಲ್ಲಿ ಅಮೆರಿಕ ಸರ್ಕಾರ ಮಾತ್ರೆಗೆ ಅನುಮತಿ ಕೊಟ್ಟಿತು. ಆಗಿನ ಮಾತ್ರೆಯಲ್ಲಿ ಹಾರ್ಮೋನ್ ಪ್ರಮಾಣ ಇಂದಿನದಕ್ಕಿಂತ ಹಲವು ಪಟ್ಟು ಹೆಚ್ಚು. ರಕ್ತ ಹೆಪ್ಪುಗಟ್ಟುವ ಪ್ರಕರಣಗಳು ಬೆಳಕಿಗೆ ಬಂದ ಮೇಲೆ ಪ್ರಮಾಣ ಕಡಿ‌ಮೆಯಾಗುತ್ತಾ ಬಂತು. ಇಂದಿನ ಮಾತ್ರೆಗಳು ಬಹುಪಾಲು ಹೆಂಗಸರಿಗೆ ಸುರಕ್ಷಿತ. ಆದರೆ ಮೂವತ್ತೈದು ದಾಟಿ ಧೂಮಪಾನ ಮಾಡುವವರು, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು, ಬಿಪಿ ಹತೋಟಿಯಲ್ಲಿ ಇಲ್ಲದವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು.

ಸ್ಯಾಂಗರ್ 1966ರ ಸೆಪ್ಟೆಂಬರ್ 6ರಂದು ಅರಿಜೋನಾದ ಟೂಸಾನ್ ನಗರದಲ್ಲಿ ತೀರಿಕೊಂಡರು. ಮಾತ್ರೆಯ ಅಡ್ಡಪರಿಣಾಮಗಳ ಬಗ್ಗೆ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿದ್ದು 1970ರಲ್ಲಿ. ಆಗ ಹೆಂಗಸರು ಸಭೆಯಲ್ಲೇ ಎದ್ದು ನಿಂತು, ನುಂಗುತ್ತಿರುವವರು ನಾವು, ನಮ್ಮನ್ನೇಕೆ ಯಾರೂ ಕೇಳುವುದಿಲ್ಲ ಎಂದು ಗಲಾಟೆ ಮಾಡಿದರು. ಅದೇ ವರ್ಷ, ಮಾತ್ರೆಯ ಪ್ಯಾಕೆಟ್ ಒಳಗೆ ಅದರ ಅಪಾಯಗಳನ್ನು ಬಳಸುವವರಿಗೇ ತಿಳಿಸುವ ಚೀಟಿ ಇರಬೇಕೆಂಬ ನಿಯಮ ಅಲ್ಲಿ ಬಂತು. ಇವತ್ತು ಮಾತ್ರೆಯ ಬಾಕ್ಸಿನೊಳಗೆ ಸಣ್ಣ ಅಕ್ಷರದಲ್ಲಿ ಮಡಚಿಟ್ಟ ಕಾಗದ ಸಿಗುತ್ತದಲ್ಲ, ಅದೇ ಬಗೆಯ ಚೀಟಿ.